ಅಪ್ಪನ ಬಿಪಿ ಮೆಷಿನ್ ಹತ್ತು ನಿಮಿಷದಲ್ಲಿ ಮೂರು ನಂಬರ್ ತೋರಿಸುತ್ತಿದೆ, ಯಾವುದನ್ನು ನಂಬುವುದು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 68 ವರ್ಷ. ಅಮ್ಮನ ಜೊತೆ ಶಿವಮೊಗ್ಗದಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿ. ಆರು ವರ್ಷದಿಂದ ಬಿಪಿಗೆ ಟೆಲ್ಮಿಸಾರ್ಟಾನ್ 40 ದಿನಕ್ಕೊಂದು ತೆಗೆದುಕೊಳ್ಳುತ್ತಾರೆ. ಹೋದ ತಿಂಗಳು ತೋಳಿಗೆ ಕಟ್ಟುವ ಡಿಜಿಟಲ್ ಮೆಷಿನ್ ತಂದುಕೊಟ್ಟೆ. ಆವತ್ತಿನಿಂದ ಮನೆಯಲ್ಲಿ ನೆಮ್ಮದಿ ಇಲ್ಲ.

ನಿನ್ನೆ ಬೆಳಗ್ಗೆ 7:10ಕ್ಕೆ 164/92. 7:13ಕ್ಕೆ 151/88. 7:20ಕ್ಕೆ 138/84. ಸಂಜೆ 172/94. ಕಳೆದ ವಾರ ಕ್ಲಿನಿಕ್‌ನಲ್ಲಿ ನೋಡಿದಾಗ 148/86 ಇತ್ತು. ಅಪ್ಪ ಈಗ ದಿನಕ್ಕೆ ಎಂಟು ಹತ್ತು ಸಲ ನೋಡುತ್ತಾರೆ. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದ್ದೂ ಉಂಟು. 172 ಬಂತು ಅಂತ ಹೆದರಿ ನಿನ್ನೆ ಇನ್ನೊಂದು ಮಾತ್ರೆ ನುಂಗಿದ್ದಾರೆ. ಅಮ್ಮ ಫೋನಿನಲ್ಲಿ ಅಳುತ್ತಿದ್ದರು. ಮೆಷಿನ್ ಕೆಟ್ಟಿದೆಯಾ, ಇಲ್ಲ ನಿಜವಾಗಿಯೂ ಬಿಪಿ ಹೀಗೆ ಏರಿಳಿಯುತ್ತಿದೆಯಾ? ಹೊಸ ಬ್ಯಾಟರಿ ಹಾಕಿ ನೋಡಿ ಆಯಿತು.

ಅಡಿಕೆತೋಟ:
ಡಿಜಿಟಲ್ ಎಲ್ಲ ಇಷ್ಟೇ. ವಾಪಸ್ ಕೊಟ್ಟು ಪಾದರಸದ್ದು ತನ್ನಿ. ನಮ್ಮ ತಾತನಿಗೆ ಅದರಲ್ಲೇ ನೋಡುತ್ತಿದ್ದರು.

ಸಿಸ್ಟರಕ್ಕ:
ಮೊದಲು ಒಂದು ಮಾತು. ನಂಬರ್ ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡುವುದನ್ನು ಇವತ್ತೇ ನಿಲ್ಲಿಸಲು ಹೇಳಿ. ನಿನ್ನೆ ನುಂಗಿದ್ದನ್ನು ಡಾಕ್ಟರಿಗೂ ತಿಳಿಸಿ. ನಾನು 31 ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಬಿಪಿ ಜಾಸ್ತಿಯಾಗಿ ಬಂದವರನ್ನು ನೋಡಿದ ಹಾಗೇ, ಹೆದರಿ ಎರಡೆರಡು ಮಾತ್ರೆ ನುಂಗಿ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದು ಬಂದವರನ್ನೂ ನೋಡಿದ್ದೇನೆ.

ಹತ್ತು ನಿಮಿಷದಲ್ಲಿ 164 ಇದ್ದದ್ದು 138ಕ್ಕೆ ಇಳಿದರೆ ಮೆಷಿನ್ ಕೆಟ್ಟಿದೆ ಅಂತಲೇ ಅರ್ಥವಲ್ಲ. ರಕ್ತದ ಒತ್ತಡ ಪ್ರತಿ ಬಡಿತಕ್ಕೂ ಬದಲಾಗುತ್ತಿರುತ್ತದೆ. ನಿದ್ದೆಯಲ್ಲಿ ಇಳಿಯುತ್ತದೆ, ಏಳುವ ಹೊತ್ತಿಗೆ ಏರುತ್ತದೆ. ಮೂತ್ರ ಕಟ್ಟಿಕೊಂಡು ಕೂತರೂ ಏರುತ್ತದೆ. ಮೆಟ್ಟಿಲು ಹತ್ತಿ ಬಂದು ಕೂತ ತಕ್ಷಣ ನೋಡಿದರೆ ಅದು ಮೆಟ್ಟಿಲಿನ ಬಿಪಿ, ನಿಮ್ಮಪ್ಪನದಲ್ಲ. ಸುಮ್ನೆ ಕೂತಷ್ಟೂ ಇಳಿದಿದೆ ನೋಡಿ, 164, 151, 138. ಹಾಗಾಗಿ ನನಗೆ ಅನುಮಾನ ಇರುವುದು ನೋಡುವ ಕ್ರಮದ ಮೇಲೆ.

ಮೂರು ವಿಷಯ ತಿಳಿಸಿ. ಅವರು ಹೇಗೆ ಕೂತು ನೋಡುತ್ತಾರೆ? ತೋಳಿನ ಸುತ್ತಳತೆ ಎಷ್ಟು? ಬೇರೆ ಏನೇನು ಮಾತ್ರೆ ತೆಗೆದುಕೊಳ್ಳುತ್ತಾರೆ? ಮಂಡಿ ನೋವು, ನೆಗಡಿ ಅಂತ ಅಂಗಡಿಯಿಂದ ತಂದದ್ದನ್ನೂ ಸೇರಿಸಿ.

ಇದರ ಜೊತೆ ಮನೆಯವರೆಲ್ಲ ತಿಳಿದಿರಬೇಕಾದದ್ದು ಒಂದಿದೆ. ಮೇಲಿನದು 180 ಅಥವಾ ಕೆಳಗಿನದು 120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಕೈಕಾಲು ಬಲ ಇಲ್ಲದಾಗುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಇದರಲ್ಲಿ ಯಾವುದಿದ್ದರೂ ಮತ್ತೆ ಮತ್ತೆ ಅಳೆಯುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ಇಂಥ ತೊಂದರೆ ಕಂಡರೆ ನಂಬರ್ ಎಷ್ಟೇ ಇರಲಿ, ಹೊರಡಬೇಕು. ಏನೂ ತೊಂದರೆ ಇಲ್ಲದೆ ಬರೀ ನಂಬರ್ ಅಷ್ಟು ಬಂದರೆ ಐದು ನಿಮಿಷ ಸುಮ್ಮನೆ ಕೂತು ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ ತಡ ಮಾಡದೆ ಡಾಕ್ಟರಿಗೆ ಫೋನ್ ಮಾಡಿ.

ಬೆಸುಗೆ:
ಆಸ್ಪತ್ರೆ ಉಪಕರಣ ರಿಪೇರಿ ನನ್ನ ಕೆಲಸ. ಪಾದರಸದ್ದೇ ಸರಿ ಅನ್ನುವ ಮಾತಿಗೆ ಉತ್ತರ ಕೊಡುತ್ತೇನೆ. ಅದರಲ್ಲಿ ಡಾಕ್ಟರ್ ಕಿವಿಯಿಂದ ಸದ್ದು ಕೇಳಿ ಅಳೆಯುತ್ತಾರೆ. ರಷ್ಯಾದ ವೈದ್ಯ ಕೊರೊಟ್ಕಾಫ್ 1905ರಲ್ಲಿ ತೋರಿಸಿಕೊಟ್ಟ ವಿಧಾನ ಅದು. ಪಳಗಿದ ಕಿವಿ ಇದ್ದರೆ ಬಹಳ ಒಳ್ಳೆಯದು. ಮನೆಯಲ್ಲಿ ಅಂಥ ಕಿವಿ ಇರುವುದಿಲ್ಲ, ಒಡೆದರೆ ಪಾದರಸ ವಿಷ. ಅಲ್ಲದೆ ಅದರಲ್ಲೂ ನಿಮ್ಮ ತಂದೆಯ ಬಿಪಿ ಹೀಗೇ ಏರಿಳಿಯುತ್ತಿತ್ತು.

ಮನೆಯ ಮೆಷಿನ್ ಸದ್ದು ಕೇಳುವುದಿಲ್ಲ. ತೋಳಿಗೆ ಕಟ್ಟಿದ ಪಟ್ಟಿಯ ಗಾಳಿ ಬಿಗಿದು ಬಿಡುವಾಗ ನಾಡಿಯ ಬಡಿತದಿಂದ ಆ ಗಾಳಿಯಲ್ಲೇ ಸಣ್ಣ ಅದುರು ಬರುತ್ತದೆ. ಅದುರು ಎಲ್ಲಿ ಅತಿ ಜೋರೋ ಅಲ್ಲಿ ಸರಾಸರಿ ಒತ್ತಡ. ಅದನ್ನು ಹಿಡಿದು ಮೇಲಿನ ಮತ್ತು ಕೆಳಗಿನ ನಂಬರನ್ನು ಲೆಕ್ಕ ಹಾಕಿ ತೋರಿಸುತ್ತದೆ. ನಡುವೆ ಮಾತಾಡಿದರೆ, ಬೆರಳು ಆಡಿಸಿದರೆ ಆ ಅದುರೂ ಲೆಕ್ಕಕ್ಕೆ ಸೇರಿ ಉತ್ತರ ಕೆಡುತ್ತದೆ. ಇನ್ನೊಂದು, ನಾಡಿ ತಾಳ ತಪ್ಪಿ ಬಡಿಯುತ್ತಿದ್ದರೆ ಬಹಳ ಮೆಷಿನ್‌ಗಳಲ್ಲಿ ಹೃದಯದ ಗುರುತು ಬೇರೆ ರೀತಿ ಮಿನುಗುತ್ತದೆ. ಪದೇ ಪದೇ ಬಂದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು, ಇಸಿಜಿ ಬೇಕಾಗಬಹುದು.

ಮೆಷಿನ್ ಮೇಲೆ ಅನುಮಾನವಿದ್ದರೆ ಕ್ಲಿನಿಕ್‌ಗೆ ತೆಗೆದುಕೊಂಡು ಹೋಗಿ. ಅದೇ ಕೈಗೆ ಒಂದೆರಡು ನಿಮಿಷ ಬಿಟ್ಟು ಅವರದರಲ್ಲೊಮ್ಮೆ, ನಿಮ್ಮದರಲ್ಲೊಮ್ಮೆ, ಹೀಗೆ ಎರಡು ಮೂರು ಸಲ ನೋಡಿಸಿ. ಐದರ ಆಸುಪಾಸಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ತುಂಗಾತೀರ:
ಶನಿವಾರ ಊರಿಗೆ ಬಂದೆ. ಏನೂ ಹೇಳದೆ ಅಪ್ಪ ನೋಡಿಕೊಳ್ಳುವುದನ್ನು ಪಕ್ಕದಲ್ಲೇ ನಿಂತು ನೋಡಿದೆ.

ಕಾಫಿ ಲೋಟ ಕೆಳಗಿಟ್ಟು ದಿವಾನದ ಅಂಚಿನಲ್ಲಿ ಕೂತರು. ಟಿವಿಯಲ್ಲಿ ವಾರ್ತೆ ಜೋರಾಗಿ ಓಡುತ್ತಿತ್ತು. ಸ್ವೆಟರಿನ ತೋಳನ್ನು ಸುತ್ತಿ ಸುತ್ತಿ ಮೇಲೆ ಏರಿಸಿದರು, ಅದು ಹಗ್ಗದ ಹಾಗೆ ಬಿಗಿದಿತ್ತು. ಪಟ್ಟಿ ಅರ್ಧಂಬರ್ಧ ಅಂಟಿತು. ಕಾಲ ಮೇಲೆ ಕಾಲು, ಕೈ ತೊಡೆಯ ಮೇಲೆ. ಗಾಳಿ ಇಳಿಯುತ್ತಿದ್ದ ಹಾಗೆ ಪರದೆ ಮೇಲಿನ ನಂಬರನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು, "ನೂರಾ ಎಂಬತ್ತು... ನೂರಾ ಎಪ್ಪತ್ತು..." ಅಮ್ಮ ಅಡುಗೆಮನೆ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದರು. 168 ಬಂತು. ಇಬ್ಬರ ಮುಖವೂ ಬಾಡಿತು. ನನಗೆ ಹೊಟ್ಟೆಯೊಳಗೆ ಏನೋ ಆಯಿತು.

ಟೇಪು ಹಿಡಿದೆ, ತೋಳು 35 ಸೆಂ.ಮೀ. ಪಟ್ಟಿಯ ಅಂಚಿನಲ್ಲಿ 22–32 ಸೆಂ.ಮೀ. ಅಂತ ಅಚ್ಚಾಗಿದೆ, ನಾನು ಕೊಳ್ಳುವಾಗ ನೋಡಿಯೇ ಇಲ್ಲ. ಮಂಡಿ ನೋವಿಗೆ ಡೈಕ್ಲೋಫೆನಾಕ್ ಮಾತ್ರೆಯನ್ನು ಎರಡು ತಿಂಗಳಿಂದ ದಿನಾ ನುಂಗುತ್ತಿದ್ದಾರಂತೆ. ಅದು ಬಿಪಿ ಮಾತ್ರೆ ಅಲ್ವಲ್ಲ ಅಂತ ಯಾರಿಗೂ ಹೇಳಿಲ್ಲ.

ಸಿಸ್ಟರಕ್ಕ:
ಎಷ್ಟು ಚೆನ್ನಾಗಿ ಗಮನಿಸಿದ್ದೀರಿ. ಕಾರಣ ಎಲ್ಲ ಅದರಲ್ಲೇ ಇದೆ.

ಪಟ್ಟಿ ಚಿಕ್ಕದಾದರೆ ನಂಬರ್ ದೊಡ್ಡದಾಗುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2023ರಲ್ಲಿ ಇದನ್ನು ಅಳೆದು ತೋರಿಸಿದರು. ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದರೆ ಮೇಲಿನ ನಂಬರ್ ಸರಾಸರಿ 5ರಷ್ಟು ಜಾಸ್ತಿ ಬಂತು. ಅದಕ್ಕಿಂತಲೂ ದೊಡ್ಡದು ಬೇಕಾದವರಿಗೆ ಸುಮಾರು 20 ಜಾಸ್ತಿ. ಮರುವರ್ಷ ಅಲ್ಲಿಯವರೇ ಕೈ ಇಡುವ ಜಾಗವನ್ನು ಪರೀಕ್ಷೆ ಮಾಡಿದರು. ಕೈ ತೊಡೆ ಮೇಲಿದ್ದರೆ 4ರಷ್ಟು, ಜೋತು ಬಿದ್ದಿದ್ದರೆ 6–7 ಜಾಸ್ತಿ. ಇದಕ್ಕೆ ಕಾಫಿ, ಮಾತು, ಕಾಲ ಮೇಲೆ ಕಾಲು, ಭಯ ಎಲ್ಲ ಸೇರಿಸಿ. ಅದೇ ಕಂಪನಿಯ ದೊಡ್ಡ ಪಟ್ಟಿ ತನ್ನಿ, ಬೇರೆ ಕಂಪನಿಯದು ಹೊಂದುತ್ತದೆ ಅಂತ ಹೇಳಲಾಗದು.

ಆದರೆ ಎಲ್ಲ ತಪ್ಪು ಲೆಕ್ಕ ಅಂತ ಬಿಟ್ಟುಬಿಡಬೇಡಿ. ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ದೇಹದಲ್ಲಿ ಉಪ್ಪು ನೀರು ಉಳಿಸುತ್ತದೆ, ಬಿಪಿಯನ್ನು ನಿಜವಾಗಿಯೇ ಏರಿಸಬಹುದು. ಟೆಲ್ಮಿಸಾರ್ಟಾನ್ ಕೆಲಸವನ್ನೂ ತಗ್ಗಿಸುತ್ತದೆ. ಎರಡೂ ಸೇರಿದರೆ ಕಿಡ್ನಿಗೂ ಭಾರ. ನಾಳೆಯೇ ಡಾಕ್ಟರಿಗೆ ಹೇಳಿ. ಇದನ್ನು ನೀವು ಕೇಳದಿದ್ದರೆ ಬಿಪಿಗೆ ಇನ್ನೊಂದು ಮಾತ್ರೆ ಸೇರುತ್ತಿತ್ತೋ ಏನೋ.

ಈಗ ಏಳು ದಿನ ಹೀಗೆ ಮಾಡಿ. ಬೆಳಗ್ಗೆ ಮಾತ್ರೆ, ಕಾಫಿ, ತಿಂಡಿಗೆ ಮೊದಲು, ಮೂತ್ರಕ್ಕೆ ಹೋಗಿ ಬಂದು, ಒರಗುವ ಕುರ್ಚಿಯಲ್ಲಿ ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರಲಿ. ಟಿವಿ ಬೇಡ. ಬರಿಯ ತೋಳಿಗೆ ಪಟ್ಟಿ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ. ಕೈ ಮೇಜಿನ ಮೇಲೆ, ಪಟ್ಟಿ ಎದೆಯ ಮಟ್ಟಕ್ಕೆ ಬರಲಿ, ಬೇಕಾದರೆ ದಿಂಬು ಕೊಡಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಎರಡನ್ನೂ ಬರೆಯಿರಿ, ಚೆನ್ನಾಗಿ ಬಂದದ್ದನ್ನಷ್ಟೇ ಅಲ್ಲ. ಸಂಜೆ ಮತ್ತೆ ಎರಡು ಸಲ. ಬೇರೆ ಹೊತ್ತಿನಲ್ಲಿ ಮೆಷಿನ್ ಮುಟ್ಟುವುದು ಬೇಡ. ಕೊನೆಗೆ ಮೊದಲ ದಿನದ್ದನ್ನು ಬಿಟ್ಟು ಉಳಿದ 24ರ ಸರಾಸರಿ ತೆಗೆಯಿರಿ. ಮನೆಯಲ್ಲಿ ನೋಡಿದಾಗ 135/85 ಗೆರೆ, ಕ್ಲಿನಿಕ್‌ನಲ್ಲಿ 140/90. ನಿಮ್ಮ ತಂದೆ ಅದಕ್ಕಿಂತ ಎಷ್ಟು ಕೆಳಗಿರಬೇಕು ಅನ್ನುವುದು ಡಾಕ್ಟರ್ ಮಾತು.

ತುಂಗಾತೀರ:
ನಾಲ್ಕು ವಾರದ ನಂತರ ಬರೆಯುತ್ತಿದ್ದೇನೆ. ದೊಡ್ಡ ಪಟ್ಟಿ ಹಾಕಿ, ನೀವು ಹೇಳಿದ ಹಾಗೇ ಕೂತು ನೋಡಿದ ಮೊದಲ ವಾರದ ಸರಾಸರಿ 143/85. ಅಂದರೆ 172 ಸುಳ್ಳು, ಆದರೆ ಸ್ವಲ್ಪ ಜಾಸ್ತಿ ಇದ್ದದ್ದು ನಿಜ. ಡಾಕ್ಟರ್ ನೋವಿನ ಮಾತ್ರೆ ನಿಲ್ಲಿಸಿದರು, ಕಿಡ್ನಿಗೆ ರಕ್ತ ಪರೀಕ್ಷೆ ಮಾಡಿಸಿದರು, ಸರಿ ಇದೆ. ಮಂಡಿಗೆ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಊಟಕ್ಕೆ ಎರಡೂ ಹೊತ್ತು ಇದ್ದ ಮಾವಿನ ಮಿಡಿ ಉಪ್ಪಿನಕಾಯಿ, ಹಪ್ಪಳ ಈಗ ಭಾನುವಾರ ಮಾತ್ರ. ಬಿಪಿ ಮಾತ್ರೆ ಬದಲಾಗಿಲ್ಲ. ಈ ವಾರದ ಸರಾಸರಿ 131/79.

ಒಂದು ಕೇಳಬೇಕು. ಬಲಗೈಗಿಂತ ಎಡಗೈಯಲ್ಲಿ 4 ಜಾಸ್ತಿ ಬರುತ್ತದೆ. ಯಾವ ಕೈ ಹಿಡಿಯುವುದು?

ಸಿಸ್ಟರಕ್ಕ:
ಓದಿ ಕಣ್ಣು ತುಂಬಿ ಬಂತು. 4 ವ್ಯತ್ಯಾಸ ಸಾಮಾನ್ಯ. ಯಾವಾಗಲೂ ಜಾಸ್ತಿ ಬರುವ ಕೈಯಲ್ಲೇ ನೋಡಿ, ಅಂದರೆ ಎಡಗೈ. ವ್ಯತ್ಯಾಸ ಪದೇ ಪದೇ 10 ದಾಟಿದರೆ ಡಾಕ್ಟರಿಗೆ ಹೇಳಬೇಕು. ಇನ್ನು ಬಿಪಿ ಇಳಿದಿದೆ ಅಲ್ವಾ, ಎದ್ದು ನಿಂತಾಗ ತಲೆ ಸುತ್ತುತ್ತದೆಯಾ ಕೇಳಿ. ಸುತ್ತಿದರೆ ಕೂತು ಒಮ್ಮೆ, ನಿಂತು ಮೂರು ನಿಮಿಷದೊಳಗೆ ಒಮ್ಮೆ ನೋಡಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಅದೂ ಹೇಳಬೇಕಾದ ವಿಷಯ.

ತುಂಗಾತೀರ:
ಕೇಳಿದೆ, ಸುತ್ತುವುದಿಲ್ಲವಂತೆ. ಡೈರಿಯ ಮೊದಲ ಪುಟದಲ್ಲಿ ಅಪ್ಪ "ಎಡಗೈ, ಮೇಜು, ಮಾತಿಲ್ಲ" ಅಂತ ದೊಡ್ಡದಾಗಿ ಬರೆದಿದ್ದಾರೆ. ಮೆಷಿನ್ ಅಮ್ಮನ ಬೀರುವಿನಲ್ಲಿದೆ. ಇನ್ನು ಹೊರಗೆ ತೆಗೆಯುವುದು ಡಾಕ್ಟರ್ ಬರೆದುಕೊಟ್ಟ ವಾರದಲ್ಲಿ ಮಾತ್ರ.