ಪದಚರ್ಚೆ: ಸಿಟಿಒ ‘ಜವಾಬ್ದಾರ’ರೋ ‘ಹೊಣೆ’ಯೋ?

ಗೆಳೆಯರೇ,

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಕೆಲಸ ಹಂಚಿಕೆಯ ಕಡತವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಿಟಿಒ (ಚೀಫ್ ಟೆಕ್ನಾಲಜಿ ಆಫೀಸರ್) ಪುಟದಲ್ಲಿ ನಿಂತುಬಿಟ್ಟಿದ್ದೇನೆ. ‘ಮುಖ್ಯ ತಂತ್ರಜ್ಞಾನ ಅಧಿಕಾರಿ’ ಎಂಬ ಹೆಸರಿಗೆ ನನ್ನ ತಕರಾರಿಲ್ಲ. ಜಿಲ್ಲಾ ಪಂಚಾಯಿತಿಯ ‘ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ’ ಕೇಳಿ ಪಳಗಿದ ಕಿವಿಗೆ ಅದು ಒಗ್ಗುತ್ತದೆ. ತೊಡಕಿರುವುದು ಒಂದೇ ಸಾಲಿನಲ್ಲಿ: ಸರ್ವರ್ ನಿಲ್ಲದಂತೆ ನೋಡಿಕೊಳ್ಳಲು ಇಂಜಿನಿಯರುಗಳು ‘ರೆಸ್ಪಾನ್ಸಿಬಲ್’, ಸಿಟಿಒ ‘ಅಕೌಂಟಬಲ್’.

ಮೊದಲ ಕರಡಿನಲ್ಲಿ ಎರಡಕ್ಕೂ ‘ಜವಾಬ್ದಾರಿ’ ಎಂದೇ ಬರೆದೆ. ಓದಿದ ಸಹೋದ್ಯೋಗಿ, ‘ರಾತ್ರಿ ಎರಡಕ್ಕೆ ಪೇಮೆಂಟ್ ನಿಂತರೆ ಎದ್ದು ಕೂರುವವರು ಯಾರು, ಬೆಳಿಗ್ಗೆ ನಿರ್ದೇಶಕರ ಮುಂದೆ ನಿಲ್ಲುವವರು ಯಾರು?’ ಎಂದು ಕೇಳಿದರು. ಆ ಸಾಲಿನ ಜೀವವೇ ಅದು: ಎದ್ದು ಕೂರುವವರು ‘ರೆಸ್ಪಾನ್ಸಿಬಲ್’, ಉತ್ತರ ಕೊಡಲು ನಿಲ್ಲುವವರು ‘ಅಕೌಂಟಬಲ್’.

‘ಉತ್ತರದಾಯಿ’ ಎನ್ನಬಹುದಿತ್ತು. ಆದರೆ ಜವಾಬು ಎಂದರೂ ಉತ್ತರವೇ. ಒಂದೇ ಪದವನ್ನು ಸಂಸ್ಕೃತದಲ್ಲಿ ಮತ್ತೆ ಹೇಳಿದಂತಾಗುತ್ತದೆ. ಬಳಕೆಯಲ್ಲಿ ಸವೆದು ‘ಜವಾಬ್ದಾರಿ’ ಈಗ ವಹಿಸಿಕೊಂಡ ಕೆಲಸ ಎಂಬಲ್ಲಿಗೆ ಬಂದಿದೆ. ‘ಅಡುಗೆ ಜವಾಬ್ದಾರಿ ನಿಂದು’ ಅನ್ನುತ್ತೇವಲ್ಲ, ಹಾಗೆ.

‘ಹೊಣೆ’ ಹಾಗಲ್ಲ. ಹಳಗನ್ನಡದ ‘ಪೊಣೆ’, ಜಾಮೀನು ಎಂಬರ್ಥದ್ದು. ಸಾಲಕ್ಕೆ ‘ಹೊಣೆ ನಿಂತ’ವನನ್ನು ನೆನೆಯಿರಿ: ಹಣ ಪಡೆದವನೂ ತೀರಿಸಬೇಕಾದವನೂ ಇನ್ನೊಬ್ಬ, ಅವನು ತಪ್ಪಿದರೆ ಬ್ಯಾಂಕಿನವರು ಇವನ ಬಾಗಿಲಿಗೆ ಬರುತ್ತಾರೆ. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ, ಬೇರೆ ಕರಾರಿಲ್ಲದಿದ್ದರೆ, ಸಾಲಗಾರನ ಋಣವೆಷ್ಟೋ ಹೊಣೆಗಾರನದೂ ಅಷ್ಟೇ. ಕೈ ಇನ್ನೊಬ್ಬರದು, ಮಾತು ನನ್ನದು. ಕೋಡ್ ಬರೆಯದ ಸಿಟಿಒ ನಿಂತಿರುವುದೂ ಇಲ್ಲೇ. ಇಷ್ಟು ಕರಾರುವಾಕ್ಕಾದ ಮಾತು ನಮ್ಮ ಮನೆಯಲ್ಲೇ ಇದೆಯಲ್ಲ ಎಂದು ನನಗಂತೂ ಹಿಗ್ಗಾಯಿತು.

ಒಂದು ವಾಕ್ಯದಲ್ಲಿ ಇಟ್ಟು ನೋಡಿದೆ. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ನಿರ್ದೇಶನವಿದೆ. ‘ವರದಿ ಕಳಿಸುವುದು ಭದ್ರತಾ ತಂಡದ ಜವಾಬ್ದಾರಿ; ಅದಕ್ಕೆ ಸಿಟಿಒ ಹೊಣೆ.’ ನಿಲ್ಲುತ್ತದೆ, ಅಲ್ಲವೇ?

ಅಳುಕು ಎರಡು ಕಡೆ. ‘ಅಪಘಾತಕ್ಕೆ ಚಾಲಕನೇ ಹೊಣೆ’ ಎಂಬ ಪತ್ರಿಕೆಯ ಕನ್ನಡದಲ್ಲಿ ಈ ಪದಕ್ಕೆ ತಪ್ಪಿತಸ್ಥ ಎಂಬ ನೆರಳು ಬಿದ್ದಿದೆ. ಇನ್ನು ‘ಹೊಣೆಗಾರಿಕೆ’ ಎಂದು ನಾಮಪದ ಮಾಡಿದರೆ, ಸರ್ಕಾರಿ ನೌಕರರು ವರ್ಷವರ್ಷ ತುಂಬುವ ‘ಆಸ್ತಿ ಮತ್ತು ಹೊಣೆಗಾರಿಕೆ’ ಪಟ್ಟಿಯ ಸಾಲದ ಅರ್ಥ ನುಸುಳುತ್ತದೆ. ಅದಕ್ಕೇ ‘ಹೊಣೆ ನಿಲ್ಲುತ್ತಾರೆ’ ಎಂದು ಕ್ರಿಯಾಪದವಾಗಿಯೇ ಉಳಿಸಲೇ? ಹುದ್ದೆಯ ವಿವರಣೆಯಲ್ಲಿ ಅದು ನಿಮ್ಮ ಕಡೆಯ ಕಿವಿಗೆ ಹೇಗೆ ಕೇಳುತ್ತದೆ? ಧಾರವಾಡ, ಕಲಬುರಗಿ ಕಡೆಯವರು ‘ಜಾಮೀನು’ ಬಿಟ್ಟು ‘ಹೊಣೆ’ಯನ್ನು ಮಾತಿನಲ್ಲಿ ಬಳಸುತ್ತೀರಾ, ತಿಳಿಸಿ.