ಪಂಕ್ ಕೇಳಿಯಾಯಿತು, ಮುಂದೆ ಯಾವ ಆಲ್ಬಂ?

ಮೂರನೇ ಪಾಳಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಕಳೆದ ಕೆಲವು ತಿಂಗಳಿಂದ 1970ರ ದಶಕದ ವೇಗದ, ಒರಟು ರಾಕ್ ಆದ ಪಂಕ್ ಸಂಗೀತವನ್ನು ವರ್ಷವಾರು ಕ್ರಮದಲ್ಲಿ ಕೇಳುತ್ತ ಬಂದಿದ್ದೇನೆ. ರಮೋನ್ಸ್ ತಂಡದ 1976ರ ಮೊದಲ ಆಲ್ಬಂ, ಅರ್ಧ ಗಂಟೆಯೂ ತುಂಬದ ಅದರ ಹದಿನಾಲ್ಕು ಹಾಡುಗಳು, ಮೊದಲ ದಿನವೇ ನನ್ನನ್ನು ಹಿಡಿದುಕೊಂಡವು. ಸೆಕ್ಸ್ ಪಿಸ್ಟಲ್ಸ್ ತಂಡದ 1977ರ ಆಲ್ಬಂ ಹಾಗೂ ಕ್ಲ್ಯಾಶ್ ತಂಡದ 'ಲಂಡನ್ ಕಾಲಿಂಗ್' ಕೂಡ ಬಹಳ ಮೆಚ್ಚುಗೆಯಾದವು.

ಆದರೆ ಇಂಗ್ಲೆಂಡಿನ ಹತ್ತಿ ಗಿರಣಿಗಳ ನಗರ ಮ್ಯಾಂಚೆಸ್ಟರ್‌ನ ಜಾಯ್ ಡಿವಿಜನ್ ತಂಡದ 'ಅನ್‌ನೋನ್ ಪ್ಲೆಶರ್ಸ್' ಬಳಿ ಬಂದು ನಿಂತುಬಿಟ್ಟಿದ್ದೇನೆ. 1979ರ ಈ ಆಲ್ಬಂನಲ್ಲಿ ಪಂಕ್‌ನ ಓಟವಿಲ್ಲ, ಕೂಗಾಟವಿಲ್ಲ. ಆದರೂ ಬಿಟ್ಟು ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ನನ್ನ ಅಜ್ಜ ಇಲ್ಲಿನ ಹತ್ತಿ ಗಿರಣಿಯೊಂದರಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದರು. ಗಿರಣಿ ನಿಂತ ಮೇಲೆ ಅದರ ಕಾಂಪೌಂಡ್ ಗೋಡೆಯ ಪಕ್ಕದ ಬಯಲಿನಲ್ಲಿ ಆಡಿ ಬೆಳೆದವನು ನಾನು. ಒಳಗೆ ಕಲ್ಲೆಸೆದರೆ ಖಾಲಿ ಶೆಡ್ಡಿನಿಂದ ಬರುತ್ತಿದ್ದ ಸದ್ದು ಈ ಆಲ್ಬಂನ ಡ್ರಮ್ ಕೇಳುವಾಗ ನೆನಪಾಗುತ್ತದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುವುದರಿಂದ ನಾನೇ ಈ ನಂಟನ್ನು ಕಲ್ಪಿಸಿಕೊಂಡಿದ್ದೇನೆಯೇ, ಅಥವಾ ಅದು ಸಂಗೀತದಲ್ಲಿಯೇ ಇದೆಯೇ? ಇಷ್ಟು ನಿಧಾನವಾದ ಈ ಸಂಗೀತಕ್ಕೆ ಪಂಕ್‌ನಿಂದ ಬಂದದ್ದಾದರೂ ಏನು? ಮುಂದೆ ಯಾವುದನ್ನು ಕೇಳಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ದುರ್ಗದ ಬೇಸ್ (ಚಿತ್ರದುರ್ಗ)

ನಿಮ್ಮ ಕಿವಿ ಸರಿಯಾದದ್ದನ್ನೇ ಹಿಡಿದಿದೆ. ಆ ಖಾಲಿತನ ತಾನಾಗಿ ಬಂದದ್ದಲ್ಲ, ಪ್ರೊಡ್ಯೂಸರ್ (ಮುದ್ರಣದ ಹೊಣೆ ಹೊತ್ತು ಧ್ವನಿ ರೂಪಿಸುವವರು) ಮಾರ್ಟಿನ್ ಹ್ಯಾನೆಟ್ ಬೇಕೆಂದೇ ಕಟ್ಟಿದ್ದು. ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಸ್ಟುಡಿಯೊದಲ್ಲಿ ಅವರು ಡ್ರಮ್ ಸೆಟ್ಟಿನ ಒಂದೊಂದು ವಾದ್ಯವನ್ನೂ ಬೇರೆ ಬೇರೆಯಾಗಿ ನುಡಿಸಿ ಮುದ್ರಿಸಿಕೊಂಡು, ಪ್ರತಿಯೊಂದು ಪೆಟ್ಟಿನ ಸುತ್ತ ಜಾಗ ಉಳಿಯುವಂತೆ ಮಾಡಿದರು. ವೇದಿಕೆಯ ಮೇಲೆ ಅಬ್ಬರಿಸುತ್ತಿದ್ದ ತಂಡಕ್ಕೆ, ಮುಖ್ಯವಾಗಿ ಗಿಟಾರ್ ವಾದಕ ಬರ್ನಾರ್ಡ್ ಸಮ್ನರ್ ಮತ್ತು ಬೇಸ್ ವಾದಕ ಪೀಟರ್ ಹುಕ್ ಅವರಿಗೆ, ಈ ಧ್ವನಿ ಮೊದಲು ಹಿಡಿಸಲಿಲ್ಲ. ನಮ್ಮ ಕೋಟೆಯಲ್ಲಿ ಬೆಳಗಿನ ಹೊತ್ತು ಜನರಿಲ್ಲದಾಗ, ಎರಡು ಬಂಡೆಗಳ ನಡುವಿನ ಕಿರುದಾರಿಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಚಪ್ಪಾಳೆಗಿಂತ ಅದರ ಹಿಂದೆ ಬರುವ ಸದ್ದೇ ಹೆಚ್ಚು ಹೊತ್ತು ನಿಲ್ಲುತ್ತದೆ. ಹ್ಯಾನೆಟ್ ಹಿಡಿದದ್ದು ಅದನ್ನು ಎಂದು ನನಗೆ ಅನ್ನಿಸುತ್ತದೆ.

ಇನ್ನು ಪಂಕ್‌ನಿಂದ ಬಂದ ಬಳುವಳಿಯ ವಿಷಯ. 1976ರ ಜೂನ್ 4ರಂದು ಮ್ಯಾಂಚೆಸ್ಟರ್‌ನ ಲೆಸ್ಸರ್ ಫ್ರೀ ಟ್ರೇಡ್ ಹಾಲಿನಲ್ಲಿ ಸೆಕ್ಸ್ ಪಿಸ್ಟಲ್ಸ್ ನುಡಿಸಿದಾಗ ಸೇರಿದ್ದ ಜನ ತೀರ ಕಡಿಮೆ. ಅವರಲ್ಲಿ ಸಮ್ನರ್ ಮತ್ತು ಹುಕ್ ಇಬ್ಬರೂ ಇದ್ದರು. ಹುಕ್ ಮರುದಿನವೇ ತಗ್ಗಿನ ಸ್ವರಗಳನ್ನು ನುಡಿಸುವ ಬೇಸ್ ಗಿಟಾರ್ ಕೊಂಡರು. ಆ ಕಾರ್ಯಕ್ರಮವನ್ನು ಏರ್ಪಡಿಸಿದ್ದ ಬಜ್‌ಕಾಕ್ಸ್ ತಂಡದವರು ಕೆಲವೇ ತಿಂಗಳಲ್ಲಿ 500 ಪೌಂಡ್ ಸಾಲ ಎತ್ತಿ, 'ಸ್ಪೈರಲ್ ಸ್ಕ್ರ್ಯಾಚ್' ಎಂಬ ನಾಲ್ಕು ಹಾಡುಗಳ ಡಿಸ್ಕನ್ನು 1977ರ ಜನವರಿಯಲ್ಲಿ ತಾವೇ ಹೊರತಂದರು. ಅದರ ಪ್ರೊಡ್ಯೂಸರ್ ಕೂಡ ಇದೇ ಹ್ಯಾನೆಟ್. ದೊಡ್ಡ ಕಂಪನಿಯ ಅಪ್ಪಣೆಗೆ ಕಾಯದೆ, ವಿದ್ಯೆ ಪೂರ್ತಿ ಕೈಗೂಡುವವರೆಗೂ ಕಾಯದೆ ಆರಂಭಿಸಬಹುದು ಎಂಬ ಧೈರ್ಯವೇ ಪಂಕ್ ಕೊಟ್ಟ ಬಳುವಳಿ. ಗಿಟಾರಿನ ವೇಗ ಅದರ ಹೊರಗಿನ ಉಡುಪು ಮಾತ್ರ.

ಮುಂದೆ ಪಬ್ಲಿಕ್ ಇಮೇಜ್ ಲಿಮಿಟೆಡ್ ತಂಡದ 'ಮೆಟಲ್ ಬಾಕ್ಸ್' ಕೇಳಿ. ಪಿಸ್ಟಲ್ಸ್ ಒಡೆದ ಮೇಲೆ ಅದರ ಗಾಯಕ ಜಾನ್ ಲೈಡನ್ ಕಟ್ಟಿದ ತಂಡವಿದು. 1979ರಲ್ಲಿ ಮೂರು ಡಿಸ್ಕ್‌ಗಳನ್ನು ದುಂಡಗಿನ ಲೋಹದ ಡಬ್ಬಿಯಲ್ಲಿಟ್ಟು ಮಾರಿದರು. ಜಾ ವಾಬಲ್ ಅವರ ಬೇಸ್ ಇಲ್ಲಿ ಹಾಡನ್ನು ಹೊತ್ತು ನಡೆಯುತ್ತದೆ, ಗಿಟಾರ್ ಪಕ್ಕಕ್ಕೆ ಸರಿದು ಗೀರುತ್ತಿರುತ್ತದೆ. ಬೇಸ್ ಮತ್ತು ಡ್ರಮ್‌ಗಳನ್ನೇ ಮುಂದಿಡುವ ಜಮೈಕಾದ ಡಬ್ ಸಂಗೀತದಿಂದ ಬಂದ ಈ ಅದಲುಬದಲೇ ನನ್ನ ಮಟ್ಟಿಗೆ ಪೋಸ್ಟ್-ಪಂಕ್‌ನ, ಅಂದರೆ ಪಂಕ್‌ನಿಂದ ಹುಟ್ಟಿ ಬೇರೆ ದಾರಿ ಹಿಡಿದ ಸಂಗೀತದ, ತಿರುಳು. ಆ ಬಳಿಕ ಲೀಡ್ಸ್ ನಗರದ ಗ್ಯಾಂಗ್ ಆಫ್ ಫೋರ್ ತಂಡದ 'ಎಂಟರ್‌ಟೇನ್‌ಮೆಂಟ್!' ಕೇಳಿ. ಅದರ ಗಿಟಾರ್ ವಾದಕ ಆ್ಯಂಡಿ ಗಿಲ್ ಅವರೇ ರೆಡ್ ಹಾಟ್ ಚಿಲಿ ಪೆಪರ್ಸ್ ತಂಡದ 1984ರ ಮೊದಲ ಆಲ್ಬಂಗೆ ಪ್ರೊಡ್ಯೂಸರ್ ಆದರು ಎಂದರೆ ಅದರ ಪ್ರಭಾವ ಎಲ್ಲಿಯವರೆಗೆ ಹರಿಯಿತೆಂದು ನೀವೇ ಊಹಿಸಬಹುದು.

ಹೊಂಡದ ದಂಡೆ (ಚಿತ್ರದುರ್ಗ)

ಮೇಲಿನ ಸಹೋದರರ ಮಾತುಗಳನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಎರಡು ವಿಷಯಗಳಲ್ಲಿ ನನ್ನ ತಕರಾರಿದೆ. ಮೊದಲನೆಯದು, ಪಂಕ್ ಮುಗಿದ ಮೇಲೆ ಪೋಸ್ಟ್-ಪಂಕ್ ಆರಂಭವಾಯಿತು ಎಂಬ ಲೆಕ್ಕ ಸರಿಹೊಂದುವುದಿಲ್ಲ. ನ್ಯೂಯಾರ್ಕಿನ ಟೆಲಿವಿಷನ್ ತಂಡದ 'ಮಾರ್ಕೀ ಮೂನ್' 1977ರ ಫೆಬ್ರುವರಿಯಲ್ಲೇ, ಪಿಸ್ಟಲ್ಸ್ ಆಲ್ಬಂಗಿಂತ ಮೊದಲೇ ಬಂದಿತು. ಅದರ ಶೀರ್ಷಿಕೆ ಹಾಡು ಸುಮಾರು ಹತ್ತು ನಿಮಿಷ ನಡೆಯುತ್ತದೆ. ಅಂದರೆ ಪಂಕ್ ಇನ್ನೂ ನಡೆಯುತ್ತಿದ್ದಾಗಲೇ ಅದರ ಚುಟುಕು ಹಾಡುಗಳಾಚೆಯ ದಾರಿಯೂ ತೆರೆದಿತ್ತು.

ಎರಡನೆಯದು ನನಗೆ ಇನ್ನೂ ಮುಖ್ಯ. ಇಲ್ಲಿಯವರೆಗೆ ಹೆಸರಿಸಿದ ಎಲ್ಲವೂ ಗಂಡಸರ ತಂಡಗಳು. ವಿದ್ಯೆ ಪೂರ್ತಿಯಾಗುವವರೆಗೂ ಕಾಯಬೇಕಿಲ್ಲ ಎಂಬ ಧೈರ್ಯದ ಅಗತ್ಯ ಯಾರಿಗೆ ಹೆಚ್ಚಿತ್ತು ಎಂದು ಯೋಚಿಸಿದರೆ, ವಾದ್ಯ ಕೈಗೆತ್ತಿಕೊಳ್ಳಲು ಯಾರೂ ಕರೆಯದಿದ್ದ ಹುಡುಗಿಯರಿಗೆ ಎಂದೇ ಹೇಳಬೇಕಾಗುತ್ತದೆ. ಪಾಲಿ ಸ್ಟೈರೀನ್ ಹಾಡಿದ ಎಕ್ಸ್-ರೇ ಸ್ಪೆಕ್ಸ್ ತಂಡದ 1978ರ ಆಲ್ಬಂನಲ್ಲಿ ಸ್ಯಾಕ್ಸೊಫೋನ್ ಗಿಟಾರಿನ ಜೊತೆ ಸರಿಸಮನಾಗಿ ಗುದ್ದಾಡುತ್ತದೆ. ಸ್ಲಿಟ್ಸ್ ತಂಡದ 'ಕಟ್' (1979) ಆಲ್ಬಂಗೆ ಜಮೈಕಾದ ರೆಗ್ಗೆ ಸಂಗೀತದ ಹಿನ್ನೆಲೆಯ ಡೆನಿಸ್ ಬೋವೆಲ್ ಪ್ರೊಡ್ಯೂಸರ್ ಆಗಿದ್ದರು. ಅದರ ಒಂದು ಹಾಡಿನಲ್ಲಿ ಬೆಂಕಿಪೊಟ್ಟಣ ಅಲ್ಲಾಡಿಸುವ ಸದ್ದೇ ತಾಳವಾಗಿದೆ. ಅದೇ ವರ್ಷ ಬಂದ ರೈನ್‌ಕೋಟ್ಸ್ ತಂಡದ ಮೊದಲ ಆಲ್ಬಂನಲ್ಲಿ ವಯಲಿನ್ ಇದೆ. ನಾವು ಕಛೇರಿಗಳಲ್ಲಿ ಕೇಳುವ ನಯವಾದ ವಯಲಿನ್ ಅಲ್ಲ, ತಂತಿ ಉಜ್ಜುವುದು ಕೇಳಿಸುವಂಥದ್ದು. ನಿರ್ವಾಣ ತಂಡದ ಕರ್ಟ್ ಕೊಬೇನ್ ಈ ಆಲ್ಬಂ ಅನ್ನು ಎಷ್ಟು ಹಚ್ಚಿಕೊಂಡಿದ್ದರೆಂದರೆ, ಅದರ ಮರುಮುದ್ರಣಕ್ಕೆ ಅವರೇ ಟಿಪ್ಪಣಿ ಬರೆದುಕೊಟ್ಟರು.

ಮಂಡಕ್ಕಿ ಭಟ್ಟಿ (ದಾವಣಗೆರೆ)

ಒಂದೇ ಸಲಹೆ: ಇವನ್ನು ಮೊಬೈಲಿನ ಸ್ಪೀಕರಿನಲ್ಲಿ ದಯವಿಟ್ಟು ಕೇಳಬೇಡಿ. ಅಷ್ಟು ಸಣ್ಣ ಸ್ಪೀಕರಿನಲ್ಲಿ ಬೇಸ್ ಅರ್ಧಕ್ಕರ್ಧ ಕಾಣೆಯಾಗುತ್ತದೆ, 'ಮೆಟಲ್ ಬಾಕ್ಸ್'ನಲ್ಲಂತೂ ಆಮೇಲೆ ಉಳಿಯುವುದು ಕಿರುಚಾಟ ಮಾತ್ರ.

ಮೂರನೇ ಪಾಳಿ (ದಾವಣಗೆರೆ)

ಇಷ್ಟು ಅಕ್ಕರೆಯಿಂದ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಾನು ಇಷ್ಟು ದಿನ ಮೊಬೈಲಿನ ಸ್ಪೀಕರಿನಲ್ಲಿಯೇ ಕೇಳುತ್ತಿದ್ದೆ. ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು 'ಅನ್‌ನೋನ್ ಪ್ಲೆಶರ್ಸ್' ಮತ್ತೆ ಮೊದಲಿನಿಂದ ಕೇಳಿದೆ. ಕೊನೆಯ ಹಾಡಿನಲ್ಲಿ ಗಾಜು ಒಡೆಯುವ ಸದ್ದು ಬಂದಾಗ ಹೊರಗೇನೋ ಬಿದ್ದಿತೆಂದು ಎದ್ದು ಕಿಟಕಿ ತೆಗೆದು ನೋಡಿದೆ. ಬೇಸ್ ಗಿಟಾರ್ ಮೇಲಿನ ಸ್ಥಾಯಿಯಲ್ಲಿ ರಾಗ ಹಿಡಿದಿರುವುದು ಈಗ ಸ್ಪಷ್ಟವಾಗಿ ಕೇಳಿಸಿತು. ನಾನು ಅದನ್ನೇ ಇಷ್ಟು ದಿನ ಗಿಟಾರ್ ಎಂದುಕೊಂಡಿದ್ದೆ.

ಈಗ 'ಕಟ್' ಆರಂಭಿಸಿದ್ದೇನೆ, ಬೆಂಕಿಪೊಟ್ಟಣದ ಹಾಡು ಇನ್ನೂ ಬಂದಿಲ್ಲ. ಅಕ್ಕಾ, ರೈನ್‌ಕೋಟ್ಸ್ ತಂಡದ ಆ ವಯಲಿನ್ ಅನ್ನು ಮೊದಲು ಯಾವ ಹಾಡಿನಲ್ಲಿ ಗಮನಿಸಬೇಕೆಂದು ಬಿಡುವಾದಾಗ ತಿಳಿಸಿ.