ಕೂಲಂಟ್ ಮುಳ್ಳು ಮಧ್ಯಕ್ಕೆ ಬಂದರೆ ಸಾಕಾ, ಆಯಿಲ್ ಬಿಸಿಯಾಗೋವರೆಗೂ ಕಾಯಬೇಕಾ?

ಪ್ರಶ್ನೆ (ಸಿಕ್ಸ್‌ಸಿಲಿಂಡರ್):
ಟರ್ಬೋ ಇಲ್ಲದ ಆರು ಸಿಲಿಂಡರ್ ಇಂಜಿನ್, 10ಡಬ್ಲ್ಯು-60 ಆಯಿಲ್ (ಬಿಸಿಯಾದ್ರೂ ದಪ್ಪಗೇ ಇರೋ ಗ್ರೇಡ್). ಹೊರಟ ಐದಾರು ನಿಮಿಷಕ್ಕೆ ಕೂಲಂಟ್ ಮುಳ್ಳು ಮಧ್ಯಕ್ಕೆ ಬಂದು ನಿಲ್ಲುತ್ತೆ. ಆಯಿಲ್ ಮೀಟರ್ ನೋಡಿದ್ರೆ ಇನ್ನೂ 50 ಡಿಗ್ರಿ. 7,000 ಆರ್‌ಪಿಎಂ ತನಕ ಎಳೆಯೋಕೆ ಯಾವುದನ್ನ ನಂಬಬೇಕು? ನಿಂತಲ್ಲೇ ಹತ್ತು ನಿಮಿಷ ಐಡ್ಲಿಂಗ್ ಬಿಟ್ರೆ ಆಗಲ್ವಾ?

ಸಂಪ್‌ಗಾರ್ಡ್:
ಆಯಿಲ್ ಮೀಟರನ್ನೇ ನಂಬಿ. ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆಯೋ ವಾಲ್ವ್) ತೆರೆಯೋ ತನಕ ಕೂಲಂಟ್ ರೇಡಿಯೇಟರ್ ಕಡೆ ಹೋಗಲ್ಲ, ಇಂಜಿನ್ ಒಳಗೇ ಸುತ್ತಿ ಬೇಗ ಕಾಯುತ್ತೆ. ಆಯಿಲ್ ಮಾತ್ರ ಕೆಳಗೆ, ಗಾಳಿ ಬಡಿಯೋ ಸಂಪ್‌ಗೆ (ಇಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿದು ತಣ್ಣಗಾಗ್ತಾ ಇರುತ್ತೆ. ಜೊತೆಗೆ, ಎಷ್ಟೋ ಕಾರುಗಳ ಕೂಲಂಟ್ ಮುಳ್ಳು 20 ಡಿಗ್ರಿ ಹೆಚ್ಚುಕಮ್ಮಿಯಾದ್ರೂ ಮಧ್ಯದಿಂದ ಅಲ್ಲಾಡಲ್ಲ, ಹಾಗೇ ಮಾಡಿರ್ತಾರೆ.

ಐಡ್ಲಿಂಗ್ ಬೇಡ. ಲೋಡ್ ಇಲ್ಲದೆ ಶಾಖ ಹುಟ್ಟೋದು ಕಡಿಮೆ. ತಣ್ಣಗಿರೋವಾಗ ಇಸಿಯು (ಇಂಜಿನ್ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಬಿಡುತ್ತೆ. ಅದು ಸಿಲಿಂಡರ್ ಗೋಡೆಯ ಆಯಿಲ್ ತೊಳೆದು, ಸಂಪ್‌ಗೆ ಸೇರಿ ಇಡೀ ಆಯಿಲನ್ನೇ ತೆಳು ಮಾಡುತ್ತೆ. ಅರ್ಧ ನಿಮಿಷ ಬಿಟ್ಟು ಹೊರಡಿ. 60 ಡಿಗ್ರಿ ತನಕ 3,000 ದಾಟಿಸಬೇಡಿ, ಪೆಡಲ್ ಮೂರರಲ್ಲೊಂದು ಭಾಗಕ್ಕಿಂತ ಒತ್ತಬೇಡಿ. ಆಮೇಲೆ 4,500ರವರೆಗೆ. 80 ದಾಟಿದ ಮೇಲೆ ಪೂರ್ತಿ. ಹಾಗಂತ ಟಾಪ್ ಗೇರಲ್ಲಿ 1,200ಕ್ಕೆ ಗುದ್ದಾಡಿಸೋದೂ ತಪ್ಪು: ಬೇರಿಂಗ್ ಮೇಲೆ ಭಾರ ಬೀಳುತ್ತೆ, ಆಯಿಲ್ ಪಂಪ್ ಮಾತ್ರ ನಿಧಾನ ತಿರುಗ್ತಿರುತ್ತೆ.

ಸಿಕ್ಸ್‌ಸಿಲಿಂಡರ್:
ಆದ್ರೆ ತಣ್ಣಗಿರೋವಾಗಲೇ ಆಯಿಲ್ ಪ್ರೆಶರ್ ಜಾಸ್ತಿ ತೋರಿಸುತ್ತಲ್ಲ? ಅಂದ್ರೆ ಆಯಿಲ್ ಚೆನ್ನಾಗಿ ಹೋಗ್ತಿದೆ ಅಂತಲ್ವಾ?

ಬೇರಿಂಗ್‌ಶೆಲ್:
ಉಲ್ಟಾ. ಪ್ರೆಶರ್ ಅಂದ್ರೆ ಹರಿವಲ್ಲ, ಹರಿಯೋಕೆ ಆಗ್ತಿರೋ ಅಡ್ಡಿ. 60 ಗ್ರೇಡ್ ಆಯಿಲ್ 100 ಡಿಗ್ರಿಯಲ್ಲಿ 22–26 ಸೆಂಟಿಸ್ಟೋಕ್ಸ್ (ದಪ್ಪದ ಅಳತೆ, ಹೆಚ್ಚಿದ್ದಷ್ಟೂ ದಪ್ಪ). 40 ಡಿಗ್ರಿಯಲ್ಲಿ ಸುಮಾರು 160. ಇನ್ನೂ ತಣ್ಣಗಿದ್ರೆ ಹರಳೆಣ್ಣೆಯೇ. ಆಗ ಆರ್‌ಪಿಎಂ ಏರಿಸಿದ್ರೆ ಹೆಚ್ಚಾದ ಪ್ರೆಶರ್ ಬಿಡೋ ರಿಲೀಫ್ ವಾಲ್ವ್ ತೆರೆದು, ಪಂಪ್ ತಳ್ಳಿದ್ದರಲ್ಲಿ ಒಂದು ಪಾಲು ಬೇರಿಂಗ್ ಮುಟ್ಟದೇ ವಾಪಸ್. ಫಿಲ್ಟರಿನ ಬೈಪಾಸ್ ವಾಲ್ವೂ ತೆರೆದ್ರೆ ಸೋಸದ ಆಯಿಲೇ ಒಳಗೆ. ಕನೆಕ್ಟಿಂಗ್ ರಾಡ್ ಬೇರಿಂಗಿನ ಶಾಖ ಎಳೆಯೋದು ಆ ಹರಿವೇ, ಅದು ಬೇಕಾದಾಗಲೇ ಕಡಿಮೆ.

ಪಿಸ್ಟನ್ನೂ ನೆನಪಿರಲಿ. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತೆ. ಕಬ್ಬಿಣದ ಬೋರ್‌ನಲ್ಲಿ (ಸಿಲಿಂಡರ್ ಒಳಗೆ) ತಣ್ಣಗಿರೋವಾಗ ಸಂದು ಜಾಸ್ತಿ, ಪಿಸ್ಟನ್ ಸ್ಕರ್ಟ್ (ಅದರ ಕೆಳಭಾಗದ ಬದಿ) ಗೋಡೆಗೆ ಬಡಿಯುತ್ತೆ. ಫೋರ್ಜ್ಡ್ ಪಿಸ್ಟನ್ ಆದ್ರೆ ಟಕಟಕ ಸದ್ದು ಕಿವಿಗೇ ಕೇಳುತ್ತೆ.

ಥರ್ಡ್‌ಗೇರ್:
ಆಯಿಲ್ ಮೀಟರ್ ಇಲ್ಲದವರಿಗೆ: ಕೂಲಂಟ್ ಮುಳ್ಳು ಮಧ್ಯಕ್ಕೆ ಬಂದ ಮೇಲೆ ಇನ್ನೂ ಹತ್ತು ನಿಮಿಷ ಮೆತ್ತಗೆ ಓಡಿಸಿ. ಡ್ರೈ ಸಂಪ್ ಕಾರಲ್ಲಿ (ಆಯಿಲ್ ಬೇರೆ ಟ್ಯಾಂಕಲ್ಲಿರುತ್ತೆ) ಆಯಿಲ್ ಜಾಸ್ತಿ ಇರೋದ್ರಿಂದ ಇನ್ನೂ ತಡ. ಎಷ್ಟು ಓಡಿಸಿದ್ರೂ ಆಯಿಲ್ 70 ಡಿಗ್ರಿ ದಾಟದೇ ಇದ್ರೆ ಆಯಿಲ್ ಕೂಲರ್ ನೋಡಿ. ಹೊರಗಿಂದ ಹಾಕಿಸಿದ ಕೂಲರ್‌ಗೆ ಎಷ್ಟೋ ಸಲ ಥರ್ಮೋಸ್ಟಾಟೇ ಇರಲ್ಲ. ಸುಮಾರು 80ಕ್ಕೆ ತೆರೆಯೋ ಥರ್ಮೋಸ್ಟಾಟ್ ಇರೋ ಸ್ಯಾಂಡ್‌ವಿಚ್ ಪ್ಲೇಟ್ (ಫಿಲ್ಟರ್ ಮತ್ತು ಇಂಜಿನ್ ನಡುವೆ ಕೂರೋ ಅಡಾಪ್ಟರ್) ಹಾಕಿಸಿ.

ಐಡ್ಲಿಂಗ್ ವಿಷಯಕ್ಕೆ ಇನ್ನೊಂದು: ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಟೈರ್ ಬಿಸಿಯಾಗೋದು ಗಾಡಿ ಓಡಿದ್ರೆ ಮಾತ್ರ. ಎರಡನೇ ಗೇರ್ ಇನ್ನೂ ಬಿಗಿಯಾಗಿ ಬೀಳ್ತಿದ್ರೆ ಆಯಿಲ್ ಮೀಟರ್ ಏನೇ ಹೇಳಲಿ, ಸ್ವಲ್ಪ ತಡೀರಿ.